ಒಂದನೆಯ ಅಲಿ ಆದಿಲ್‌ಶಾಹ: ಕೋಟೆ, ಕೊತ್ತಲ ಮತ್ತು ತೋಪು

ಕರ್ನಾಟಕದ ಚರಿತ್ರೆಯ ಬರವಣಿಗೆಯಲ್ಲಿ ಬಿಜಾಪುರದ ಒಂದನೆಯ ಅಲಿ ಆದಿಲ್‌ಶಾಹನಿಗೆ (ಆಳ್ವಿಕೆ 1558-1580) ದೊರೆತಿರುವ ಸ್ಥಾನ ಅತ್ಯಂತ ಸೀಮಿತವಾದುದು. 1565ರ ತಾಳಿಕೋಟೆ ಅಥವಾ ರಕ್ಕಸಗಿ-ತಂಗಡಗಿ ಕಾಳಗದಲ್ಲಿ ವಿಜಯನಗರದ ವಿರುದ್ಧ ಒಂದಾದ ಸುಲ್ತಾನರಲ್ಲಿ ಒಬ್ಬನೆಂದು ಅವನನ್ನು ಹೆಸರಿಸಿ ಮುಂದೆ ಸಾಗುವುದೇ ವಾಡಿಕೆ. ಅಜ್ಜ ಇಸ್ಮಾಯಿಲನಿಗೆ ರಾಯಚೂರಿನ ಸೋಲಿನ ಖ್ಯಾತಿಯಿದೆ. ಸೋದರನ ಮಗ ಎರಡನೆಯ ಇಬ್ರಾಹಿಮನಿಗೆ ಸಂಗೀತದ ಖ್ಯಾತಿಯಿದೆ. ಇವರಿಬ್ಬರ ನಡುವೆ ನಿಂತ ಅಲಿಯ ಬದುಕು ಒಂದು ಯುದ್ಧದ ಅಡಿಟಿಪ್ಪಣಿಯಾಗಿ ಉಳಿದಿದೆ. ಆದರೆ ದಖನ್ನಿನಲ್ಲಿ ತೋಪು ಮತ್ತು ಕೋಟೆಗಳ ನಡುವಣ ಸಂಬಂಧ ರೂಪುಗೊಂಡ ಬಗೆಯನ್ನು ಗಮನಿಸಿದಾಗ ಅವನ ವ್ಯಕ್ತಿತ್ವ ಬೇರೆಯದೇ ಆಗಿ ಕಾಣುತ್ತದೆ. ತಾಳಿಕೋಟೆಯ ಬಯಲಿನಲ್ಲಿ ಹೆಸರು ಮಾಡಿದ ತೋಪುಗಳು ಅವನವಲ್ಲ. ಅವನು ಉಳಿಸಿಹೋದದ್ದು ಬಯಲಿನ ತೋಪಿಗಿಂತ ಮಿಗಿಲಾಗಿ ಗೋಡೆಯ ತೋಪಿಗೆ ಸಂಬಂಧಿಸಿದ್ದು. ಈ ವ್ಯತ್ಯಾಸವನ್ನು ಗುರುತಿಸದೆ ಅವನ ಬದುಕನ್ನಾಗಲಿ, ಬಿಜಾಪುರದ ಮುಂದಿನ ಒಂದು ಶತಮಾನವನ್ನಾಗಲಿ ಅರ್ಥಮಾಡಿಕೊಳ್ಳುವುದು ಕಷ್ಟ.

ಹಿನ್ನೆಲೆ: ರಾಯಚೂರಿನ ಪಾಠ

ದಖನ್ನಿಗೆ ಸಿಡಿಮದ್ದು ಬಂದ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 14ನೆಯ ಶತಮಾನದ ಬಹಮನಿ-ವಿಜಯನಗರ ಯುದ್ಧಗಳಲ್ಲಿಯೇ ತೋಪುಗಳಿದ್ದವೆಂದು ಫೆರಿಷ್ತಾ ಬರೆದಿದ್ದರೂ ಅವನು ಆ ಘಟನೆಗಳಿಗಿಂತ ಎರಡು ಶತಮಾನಗಳಿಗೂ ಹೆಚ್ಚು ಕಾಲ ಅನಂತರದವನಾದ್ದರಿಂದ ಆ ಹೇಳಿಕೆಯನ್ನು ಹಲವರು ಸಂಶಯದಿಂದ ನೋಡಿದ್ದಾರೆ. 1470ರ ದಶಕದ ಆರಂಭದಲ್ಲಿ ಮಹಮೂದ ಗವಾನನು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಸುರಂಗ ತೋಡಿ ಮದ್ದು ತುಂಬಿ ಗೋಡೆಯನ್ನು ಸಿಡಿಸಿದ ಸಂಗತಿ ಇದಕ್ಕಿಂತ ಹೆಚ್ಚು ನಂಬಲರ್ಹವಾದುದು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಆದಿಲ್‌ಶಾಹಿ ಅರಸರಿಂದ ಕಿತ್ತುಕೊಂಡಾಗ ಅಲ್ಲಿ ಬಂದೂಕು, ತೋಪುಗಳನ್ನು ತಯಾರಿಸುವ ಕುಶಲಕರ್ಮಿಗಳು ಅದಾಗಲೇ ಇದ್ದರು. ತುರ್ಕಿಯ ಕಡೆಯಿಂದ ಬಂದ ‘ರೂಮಿ’ ಪರಿಣತರ ಜ್ಞಾನ ಪೋರ್ಚುಗೀಸರಿಗಿಂತ ಮೊದಲೇ ಪಶ್ಚಿಮ ಕರಾವಳಿಯನ್ನು ತಲುಪಿತ್ತು.

ಕನ್ನಡದ ಶಬ್ದಗಳೂ ಈ ಬಹುಮೂಲದ ಆಗಮನಕ್ಕೆ ಸಾಕ್ಷಿಯಾಗಿವೆ. ತೋಪು ಎಂಬುದು ತುರ್ಕಿ ಮೂಲದ ಶಬ್ದ. ಫಿರಂಗಿ ಎಂಬುದು ಯುರೋಪಿನವರನ್ನು ಕುರಿತ ಪಾರಸಿ ಶಬ್ದದಿಂದ ಬಂದುದು. ಬುರುಜು ಅರಬ್ಬಿಯದು. ಆದರೆ ಗುಂಡು, ಮದ್ದು, ಕೊತ್ತಲ, ಅಗಳು ಎಂಬವು ಕನ್ನಡದಲ್ಲಿ ಮೊದಲೇ ಇದ್ದ ಮಾತುಗಳು. ಔಷಧಿಯನ್ನು ಸೂಚಿಸುವ ಮದ್ದು ಎಂಬ ಪದವೇ ಸಿಡಿಮದ್ದಿಗೂ ಸಂದಿದೆ. ಪಾರಸಿಯಲ್ಲಿ ಔಷಧಿ ಎಂಬ ಅರ್ಥವುಳ್ಳ ದಾರೂ ಎಂಬ ಶಬ್ದಕ್ಕೂ ಇದೇ ಬಗೆಯ ಅರ್ಥವಿಸ್ತಾರ ಉಂಟಾಗಿರುವುದು ಗಮನಾರ್ಹ. ಹೊಸ ಆಯುಧದ ಹೆಸರು ಹೊರಗಿನಿಂದ ಬಂದರೂ ಅದರ ಆಹಾರವಾದ ಮದ್ದುಗುಂಡಿಗೆ ನಾಡಿನ ಮಾತೇ ಒದಗಿತು.

ಅಲಿ ಹುಟ್ಟಿಬೆಳೆದ ಅರಮನೆಯಲ್ಲಿ ರಾಯಚೂರಿನ ನೆನಪು ಹಳೆಯದಾಗಿರಲಿಲ್ಲ. 1520ರಲ್ಲಿ ಕೃಷ್ಣದೇವರಾಯನು ಆ ಕೋಟೆಯನ್ನು ಮುತ್ತಿದನು. ಅದು 1294ರಲ್ಲಿ ಕಾಕತೀಯರ ಅಧೀನನಾದ ಗೋರೆ ಗಂಗಯ ರೆಡ್ಡಿಯು ಕಟ್ಟಿಸಿದ ಕೋಟೆ. ಅದರ ಗೋಡೆಗಳ ಮೇಲೆ 200 ದೊಡ್ಡ ತೋಪುಗಳೂ ಅನೇಕ ಸಣ್ಣ ತೋಪುಗಳೂ ಇದ್ದವೆಂದು ಪೋರ್ಚುಗೀಸ್ ಬರಹಗಾರ ನುನಿಜ್ ದಾಖಲಿಸಿದ್ದಾನೆ. ಮುತ್ತಿದ ವಿಜಯನಗರದವರು ಕೋಟೆಯನ್ನು ಒಡೆಯಲು ತೋಪುಗಳನ್ನು ನೆಚ್ಚಲಿಲ್ಲ. ಹಾರೆ ಗುದ್ದಲಿಗಳೊಡನೆ ಗೋಡೆಯ ಬುಡಕ್ಕೆ ನುಗ್ಗಿ ಕಲ್ಲುಗಳನ್ನು ಕಿತ್ತರು. ಕಿತ್ತ ಕಲ್ಲಿಗೆ ತಕ್ಕಂತೆ ಹಣ ಪಡೆದರು. ಗೋಡೆಯ ಬುಡವನ್ನು ಸೇರಿದವರ ಮೇಲೆ ದೊಡ್ಡ ತೋಪುಗಳಿಂದ ಹೆಚ್ಚಿನ ಪರಿಣಾಮವಾಗಲಿಲ್ಲ. ಅವರನ್ನು ನೋಡಲು ಮೇಲಿನಿಂದ ಬಗ್ಗಿದ ಕಾವಲಿನವರು ಕ್ರಿಸ್ಟೋವಾವ್ ದ ಫಿಗುಯಿರೆದೊ ಎಂಬ ಪೋರ್ಚುಗೀಸನ ಬಂದೂಕುಧಾರಿಗಳಿಗೆ ಗುರಿಯಾದರು. ಬಯಲಿನಲ್ಲಿಯೂ ಹೀಗೆಯೇ ಆಯಿತು. ಇಸ್ಮಾಯಿಲನ ತೋಪುಗಳು ಒಮ್ಮೆ ಸಿಡಿದು ವಿಜಯನಗರದ ಮುಂಚೂಣಿಯನ್ನು ಚದುರಿಸಿದರೂ, ಅವನ್ನು ಮತ್ತೆ ತುಂಬಿ ಹಾರಿಸುವುದರೊಳಗೆ ಪ್ರತಿದಾಳಿ ನಡೆದು ಬಿಜಾಪುರದ ಸೈನ್ಯ ಕೃಷ್ಣಾನದಿಯತ್ತ ಓಡಿತು. 400 ದೊಡ್ಡ ತೋಪುಗಳು ಗೆದ್ದವರ ಕೈಸೇರಿದವೆಂದು ನುನಿಜ್ ಹೇಳುತ್ತಾನೆ.

ಈ ಯುದ್ಧದ ಪರಿಣಾಮವನ್ನು ಇತಿಹಾಸಕಾರ ರಿಚರ್ಡ್ ಈಟನ್ ವಿಶೇಷವಾಗಿ ಚರ್ಚಿಸಿದ್ದಾರೆ. ತೋಪುಗಳನ್ನು ನೆಚ್ಚದೆ ಗೆದ್ದ ವಿಜಯನಗರವು ಅವುಗಳಿಗೆ ಹೆಚ್ಚಿನ ಮಹತ್ವ ಕೊಡಬೇಕಾದ ಕಾರಣ ಕಾಣಲಿಲ್ಲ. ತೋಪುಗಳಿದ್ದೂ ಸೋತ ಬಿಜಾಪುರವು ತಪ್ಪು ಎಲ್ಲಿದೆಯೆಂದು ಹುಡುಕಬೇಕಾಯಿತು. ಆ ಹುಡುಕಾಟ ಫಲಿಸಿದ ಕಾಲವೇ ಅಲಿಯ ಆಳ್ವಿಕೆ.

ಮೀರಜಿನಿಂದ ಸಿಂಹಾಸನಕ್ಕೆ

ಅಲಿಯ ತಂದೆ ಒಂದನೆಯ ಇಬ್ರಾಹಿಮನು (1534-1558) ಇಸ್ಮಾಯಿಲನ ಕಾಲದ ಶಿಯಾ ಪಂಥವನ್ನು ಬಿಟ್ಟು ಸುನ್ನಿ ಪಂಥವನ್ನು ಎತ್ತಿಹಿಡಿದನು. ಹೊರನಾಡಿನಿಂದ ಬಂದ ಸರದಾರರನ್ನು ಬದಿಗಿರಿಸಿ ದಖನ್ನಿನವರನ್ನು ಮುಂದೆ ತಂದನು. ಮಗನಾದ ಅಲಿಯ ಒಲವು ಶಿಯಾ ಪಂಥದ ಕಡೆಗಿತ್ತು. ಇದರಿಂದ ಅಸಮಾಧಾನಗೊಂಡ ತಂದೆ ಅವನನ್ನು ಮೀರಜಿನ ಕೋಟೆಯಲ್ಲಿ ಕಾವಲಿನಲ್ಲಿರಿಸಿದನು. ಅರಸುಕುವರನಾಗಿ ಕೋಟೆಯೊಂದನ್ನು ಅವನು ಮೊದಲು ಹತ್ತಿರದಿಂದ ಅರಿತದ್ದು ಅದರ ಒಡೆಯನಾಗಿ ಅಲ್ಲ, ಬಂಧಿಯಾಗಿ. 1558ರಲ್ಲಿ ತಂದೆ ತೀರಿಕೊಂಡಾಗ ಅವನು ಮೀರಜಿನಿಂದಲೇ ಹೊರಟು ಬಿಜಾಪುರಕ್ಕೆ ಬಂದು ಪಟ್ಟವೇರಿದನು. ಶಿಯಾ ಪಂಥವನ್ನು ಮತ್ತೆ ಜಾರಿಗೆ ತಂದನು.

ಆಗ ಅವನ ರಾಜ್ಯದ ಸ್ಥಿತಿ ಸುಭದ್ರವಾಗಿರಲಿಲ್ಲ. ಉತ್ತರದಲ್ಲಿ ಅಹಮದನಗರದ ಹುಸೇನ ನಿಜಾಮ್‌ಶಾಹನೊಡನೆ ಸೊಲ್ಲಾಪುರ, ಕಲ್ಯಾಣ ಕೋಟೆಗಳ ಬಗೆಗೆ ತಂದೆಯ ಕಾಲದಿಂದ ಬಂದ ಹಗೆತನವಿತ್ತು. ದಕ್ಷಿಣದಲ್ಲಿ ಅಳಿಯ ರಾಮರಾಯನ ಬಲ ದಿನೇದಿನೇ ಹೆಚ್ಚುತ್ತಿತ್ತು. ಅಲಿ ಆರಿಸಿಕೊಂಡದ್ದು ರಾಮರಾಯನ ಸ್ನೇಹವನ್ನು. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಅಲಿ ಸಣ್ಣ ಪರಿವಾರದೊಡನೆ ವಿಜಯನಗರಕ್ಕೆ ತಾನೇ ಹೋಗಿ ಸಾಂತ್ವನ ಹೇಳಿದನೆಂದೂ, ರಾಮರಾಯನ ಪತ್ನಿ ಅವನನ್ನು ಮಗನಾಗಿ ಸ್ವೀಕರಿಸಿದಳೆಂದೂ ಫೆರಿಷ್ತಾನ ಚರಿತ್ರೆಯಲ್ಲಿದೆ. ಬೀಳ್ಕೊಡುವಾಗ ರಾಮರಾಯನು ತಕ್ಕ ಗೌರವ ತೋರಲಿಲ್ಲವೆಂಬ ನೋವು ಅಲಿಯಲ್ಲಿ ಉಳಿಯಿತೆಂಬುದೂ ಅದೇ ಚರಿತ್ರೆಯ ಮಾತು. ಫೆರಿಷ್ತಾ ಬಿಜಾಪುರಕ್ಕೆ ಬಂದದ್ದು 1589ರಲ್ಲಿ, ಅಲಿಯ ಮರಣದ ಅನಂತರ. ಆದ್ದರಿಂದ ಈ ವಿವರಗಳಲ್ಲಿ ಮುಂದಿನ ಯುದ್ಧಕ್ಕೆ ಕಾರಣ ಹುಡುಕುವ ಧೋರಣೆ ಸೇರಿರಬಹುದೆಂಬುದನ್ನು ಮರೆಯಲಾಗದು. ಆದರೂ ಎರಡೂ ಅರಸುಮನೆಗಳು ಕೆಲವು ವರ್ಷ ಕೂಡಿಯೇ ಅಹಮದನಗರದ ಮೇಲೆ ದಂಡೆತ್ತಿದ್ದು ನಿರ್ವಿವಾದ.

ಈ ದಂಡಯಾತ್ರೆಗಳಲ್ಲಿ ಒಂದು ಘಟನೆ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಹುಸೇನನು ತೋಪುಗಾಡಿಗಳ ದೊಡ್ಡ ಸಾಲಿನೊಡನೆ ಕಲ್ಯಾಣದ ಕಡೆ ಬಂದಾಗ ಭಾರಿ ಮಳೆಯಾಗಿ, ದಖನ್ನಿನ ಎರೆಮಣ್ಣಿನ ಕೆಸರಿನಲ್ಲಿ ಗಾಡಿಗಳು ಹೂತುಹೋಗಿ, ತೋಪುಗಳ ಬಹುಭಾಗವನ್ನು ಅವನು ಕಳೆದುಕೊಂಡನು. ಎಷ್ಟೇ ಬಲವಾದ ತೋಪಾದರೂ ಎತ್ತುಗಳು ಎಳೆಯಲಾರದ ಕಡೆ ಅದು ಶತ್ರುವಿನ ಸ್ವತ್ತು. ಗೋಡೆಯ ಮೇಲೆ ನೆಲೆಗೊಳಿಸಿದ ತೋಪಿಗೆ ಈ ಭಯವಿಲ್ಲ.

ಬಿಜಾಪುರದ ಗೋಡೆ

ಅಲಿಯ ಆಳ್ವಿಕೆಯ ಮೊದಲ ವರ್ಷಗಳ ದೊಡ್ಡ ಕಾಮಗಾರಿಯೆಂದರೆ ಬಿಜಾಪುರದ ಹೊರಕೋಟೆ. ಅದುವರೆಗೆ ಭದ್ರವಾದ ಗೋಡೆಯಿದ್ದುದು ಒಳಗಿನ ಅರ್ಕಿಲ್ಲೆಗೆ ಮಾತ್ರ. ಅದರ ಸುತ್ತ ಬೆಳೆದ ಪೇಟೆ ಬಯಲಿಗೆ ತೆರೆದುಕೊಂಡಿತ್ತು. ಅಲಿ ಇಡೀ ಪಟ್ಟಣವನ್ನು ಬಳಸುವಂತೆ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಗೋಡೆಯನ್ನು ಎಬ್ಬಿಸಿದನು. ಅದು 1565ರ ಸುಮಾರಿಗೆ ಪೂರ್ಣಗೊಂಡಿತೆಂದು ವಿದ್ವಾಂಸರು ಹೇಳುತ್ತಾರೆ. 96 ಕೊತ್ತಲಗಳು, ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಮಂಗೋಳಿ ಎಂಬ ಐದು ಮುಖ್ಯ ಬಾಗಿಲುಗಳು, ಹೊರಗೆ 40ರಿಂದ 50 ಅಡಿ ಅಗಲದ ಕಂದಕ ಇದರ ಅಂಗಗಳು. ಗೋಡೆಯ ಒಂದೊಂದು ಭಾಗವನ್ನು ಒಬ್ಬೊಬ್ಬ ಸರದಾರನಿಗೆ ವಹಿಸಿಕೊಡಲಾಗಿತ್ತೆಂಬ ಹೇಳಿಕೆಯಿದೆ. ಗೋಡೆಯ ಉದ್ದಕ್ಕೂ ಕಟ್ಟಡದ ರೀತಿ ಒಂದೇ ಸಮನಾಗಿಲ್ಲದಿರುವುದು ಇದನ್ನು ಪುಷ್ಟೀಕರಿಸುತ್ತದೆ.

ಈ ಗೋಡೆಯ ರಚನೆಯನ್ನು ಅರಿಯಲು ಆ ಕಾಲದ ಗುಂಡಿನ ಸ್ವರೂಪವನ್ನು ತಿಳಿಯಬೇಕು. ದಖನ್ನಿನ ದೊಡ್ಡ ತೋಪುಗಳು ಬಹುಮಟ್ಟಿಗೆ ಕಲ್ಲಿನ ಗುಂಡನ್ನು ಹಾರಿಸುತ್ತಿದ್ದವು. ಎರಕದ ಕಬ್ಬಿಣಕ್ಕೆ ಬೇಕಾದ ದೊಡ್ಡ ಊದುಕುಲುಮೆಗಳು ಇಲ್ಲಿ ಬಳಕೆಯಲ್ಲಿರಲಿಲ್ಲವಾದ್ದರಿಂದ ಕಬ್ಬಿಣದ ಗುಂಡನ್ನು ಕಾಸಿ ಬಡಿದೇ ಮಾಡಬೇಕಾಗುತ್ತಿತ್ತು. ಅದು ದುಬಾರಿಯೂ ನಿಧಾನವೂ ಆದ ಕೆಲಸ. ಕಲ್ಲಾದರೋ ಎಲ್ಲೆಡೆ ಸಿಗುತ್ತಿತ್ತು, ಅದನ್ನು ದುಂಡಗೆ ಕಡೆಯಬಲ್ಲ ಕಲ್ಲುಕುಟಿಗರೂ ಇದ್ದರು. ಒಂದೇ ಗಾತ್ರದ ಕಬ್ಬಿಣದ ಗುಂಡಿಗಿಂತ ಕಲ್ಲಿನ ಗುಂಡು ಅರ್ಧಕ್ಕೂ ಕಡಿಮೆ ತೂಗುತ್ತದೆ. ಆದ್ದರಿಂದ ಅದನ್ನು ಹಾರಿಸಲು ಕಡಿಮೆ ಮದ್ದು ಸಾಕು. ತೋಪಿನ ಕೊಳವೆ ತಡೆದುಕೊಳ್ಳಬೇಕಾದ ಒತ್ತಡವೂ ಕಡಿಮೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಸಿದ ಬಳೆಗಳನ್ನು ಮೇಲೆ ತೊಡಿಸಿ ಬಿಗಿದ ತೋಪುಗಳು ಇಂತಹ ಗುಂಡಿಗೆ ಒಗ್ಗುತ್ತಿದ್ದವು. ಕಂಚಿನಲ್ಲಿ ಎರಕಹೊಯ್ದ ತೋಪು ಹೆಚ್ಚು ನಂಬಿಕೆಯದಾದರೂ ತಾಮ್ರ, ತವರಗಳ ಬೆಲೆಯಿಂದಾಗಿ ಅಪರೂಪವಾಗಿತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವೇ ಮದ್ದು.

ಕಲ್ಲಿನ ಗುಂಡು ಗಟ್ಟಿ ಗೋಡೆಗೆ ಬಡಿದಾಗ ಹಲವು ವೇಳೆ ತಾನೇ ಒಡೆಯುತ್ತದೆ. ಆದರೆ ಎತ್ತರವಾದ ತೆಳುಗೋಡೆಯನ್ನು ಅದು ಅಲುಗಿಸಬಲ್ಲದು. ಬಿಜಾಪುರದ ಗೋಡೆಯಲ್ಲಿ ಇದಕ್ಕೆ ಉತ್ತರವಿದೆ. ಹೊರಗೊಂದು ಒಳಗೊಂದು ಕಲ್ಲಿನ ಗೋಡೆಗಳನ್ನು ಕಟ್ಟಿ ನಡುವೆ ಮಣ್ಣು ತುಂಬಿ ಸುಮಾರು 20 ಅಡಿ ದಪ್ಪ ಬರುವಂತೆ ಮಾಡಲಾಗಿದೆ. ಹೊರಗೋಡೆಯ ಕಲ್ಲು ಬಿರಿದರೂ ಗುಂಡಿನ ವೇಗವನ್ನು ಮಣ್ಣು ನುಂಗಿಬಿಡುತ್ತದೆ. ಈ ದಪ್ಪದ ಇನ್ನೊಂದು ಪ್ರಯೋಜನ ಅಷ್ಟೇ ಮುಖ್ಯವಾದುದು: ಗೋಡೆಯ ನೆತ್ತಿಯು ಜನ ಮತ್ತು ತೋಪುಗಳು ಓಡಾಡುವ ದಾರಿಯಾಯಿತು, ದುಂಡನೆಯ ಕೊತ್ತಲಗಳ ತಲೆಗಳು ತೋಪಿನ ಜಗತಿಗಳಾದವು.

ರಾಯಚೂರಿನಲ್ಲಿ ತೋಪುಗಳು ಗೋಡೆಯ ಮೇಲೆ ಇದ್ದವು. ಆದರೆ ಗೋಡೆಯು ತೋಪಿಗಾಗಿ ಕಟ್ಟಿದುದಾಗಿರಲಿಲ್ಲ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಬಿಜಾಪುರದ ಅಧೀನದಲ್ಲಿದ್ದ ಕೋಟೆಗಳಲ್ಲಿ ಈ ಕೊರತೆ ನೀಗುತ್ತ ಬಂದಿತು. ಗೋಡೆಗಿಂತ ಎತ್ತರವಾದ ಬುರುಜುಗಳನ್ನು ಎಬ್ಬಿಸಿ, ನೆತ್ತಿಯ ಮಧ್ಯದಲ್ಲಿ ಕಲ್ಲಿನ ಗುಣಿ ಮಾಡಿ, ಅದರಲ್ಲಿ ತಿರುಗುವ ಆಧಾರದ ಮೇಲೆ ತೋಪನ್ನು ಕೂರಿಸುವ ಪದ್ಧತಿ ಬೆಳೆಯಿತು. ತೋಪಿನ ನಡುವೆ ಎರಡು ಪಕ್ಕಕ್ಕೆ ಚಾಚಿದ ಗಟ್ಟಿ ಮೊಳೆಗಳನ್ನು ಕಬ್ಬಿಣದ ಕವಲು ಹಿಡಿದುಕೊಂಡರೆ ತೋಪಿನ ಬಾಯಿಯನ್ನು ಮೇಲೆ ಕೆಳಗೆ ಆಡಿಸಬಹುದು. ಕವಲು ತಿರುಗಿದರೆ ಸುತ್ತಲಿನ ದಿಕ್ಕುಗಳಿಗೂ ಗುರಿಯಿಡಬಹುದು. ಹಾರಿಸಿದಾಗ ಹಿಂದಕ್ಕೆ ಜಗ್ಗುವ ಬಲವನ್ನು ತಡೆಯಲು ಹಿಂಬದಿಯಲ್ಲಿ ಗಿಡ್ಡಗೋಡೆಯನ್ನು ಕಟ್ಟುತ್ತಿದ್ದರು. ಒಂದೇ ದಿಕ್ಕಿಗೆ ಬಾಯಿತೆರೆದು ಕುಳಿತ ಹತ್ತು ತೋಪುಗಳ ಕೆಲಸವನ್ನು ಎತ್ತರದಲ್ಲಿ ತಿರುಗುವ ಒಂದು ತೋಪು ಮಾಡುವಂತಾಯಿತು. ಅಲಿಯ ಮರಣಾನಂತರ, 1583-84ರಲ್ಲಿ, ಸರದಾರ ಹೈದರ ಖಾನನು ಬಿಜಾಪುರದಲ್ಲಿ ಕಟ್ಟಿಸಿದ ಸುಮಾರು 80 ಅಡಿ ಎತ್ತರದ ಉಪ್ಪಲಿ ಬುರುಜು ಈ ಪದ್ಧತಿಯ ಪರಿಪಕ್ವ ರೂಪ. ಅದರ ಮೇಲಿರುವ ಕಬ್ಬಿಣದ ತೋಪು 30 ಅಡಿಗಿಂತಲೂ ಉದ್ದವಾಗಿದೆ.

1565: ಯಾರ ತೋಪು?

ರಾಮರಾಯನ ಸ್ನೇಹದಲ್ಲಿದ್ದಾಗಲೇ ಅಲಿ ತನ್ನ ಪಟ್ಟಣಕ್ಕೆ ಗೋಡೆ ಕಟ್ಟಿಸುತ್ತಿದ್ದನೆಂಬ ಸಂಗತಿ ಅವನ ಮನೋಭೂಮಿಕೆಯನ್ನು ಸೂಚಿಸುತ್ತದೆ. ಬಲಿಷ್ಠನಾದ ಮಿತ್ರನ ಸ್ನೇಹವೂ ಅವನಿಗೆ ಕಾವಲೆನಿಸಿರಲಿಲ್ಲ. ಕಡೆಗೆ ಅವನು ಹಳೆಯ ಹಗೆಯಾದ ಹುಸೇನನೊಡನೆ ಸಂಬಂಧ ಬೆಳೆಸಿದನು. ಹುಸೇನನ ಮಗಳು ಚಾಂದ್ ಬೀಬಿಯನ್ನು ಮದುವೆಯಾದನು, ಬಳುವಳಿಯಾಗಿ ಸೊಲ್ಲಾಪುರ ಬಂದಿತು. ತಂಗಿಯನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟನು. ರಾಯಚೂರು, ಮುದಗಲ್ಲುಗಳನ್ನು ಮರಳಿಸಬೇಕೆಂದು ರಾಮರಾಯನನ್ನು ಕೇಳಿ, ಅದು ನಿರಾಕೃತವಾದ ಮೇಲೆ ಒಕ್ಕೂಟ ಹೊರಟಿತೆಂದು ಫೆರಿಷ್ತಾ ಹೇಳುತ್ತಾನೆ. 1565ರ ಜನವರಿಯಲ್ಲಿ ಕೃಷ್ಣೆಯ ತೀರದಲ್ಲಿ ನಡೆದ ಕಾಳಗದಲ್ಲಿ ರಾಮರಾಯ ಸೆರೆಸಿಕ್ಕು ಹತನಾದನು. ಅನಂತರ ವಿಜಯನಗರ ಪಟ್ಟಣ ಲೂಟಿಗೊಳಗಾಯಿತು. ಮಗನೆಂದು ಸ್ವೀಕರಿಸಿದ ಮನೆಯ ನಾಶದಲ್ಲಿ ಅಲಿಯ ಪಾಲೂ ಇತ್ತೆಂಬುದನ್ನು ಯಾವ ವಿವರಣೆಯೂ ಅಳಿಸಲಾರದು.

ಆದರೆ ಆ ದಿನ ನಿರ್ಣಾಯಕವಾದ ತೋಪುಪಡೆ ಅಹಮದನಗರದ್ದು. ಅದರ ನಾಯಕ ಚಲಬಿ ರೂಮಿಖಾನನು 600 ತೋಪುಗಳನ್ನು ದೊಡ್ಡವು, ನಡುತರದವು, ಸಣ್ಣವು ಎಂದು ಮೂರು ಸಾಲುಗಳಲ್ಲಿ ನಿಲ್ಲಿಸಿದ್ದನೆಂದೂ, ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದನೆಂದೂ ಫೆರಿಷ್ತಾನ ವರ್ಣನೆ. ಬಿಜಾಪುರಕ್ಕೆ ಬರುವವರಿಗೆ ಇಂದು ತೋರಿಸಲಾಗುವ ಮಲಿಕ್-ಎ-ಮೈದಾನ್ ತೋಪನ್ನು ಜನ ಅಲಿಯ ವಿಜಯದೊಡನೆ ಜೋಡಿಸುವುದುಂಟು. ವಾಸ್ತವವಾಗಿ ಅದನ್ನು 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ ಬಿನ್ ಹುಸೇನ್ ರೂಮಿ ಎಂಬವನು ಎರಕಹೊಯ್ದನು. ಸುಮಾರು 14 ಅಡಿ ಉದ್ದ, ಸುಮಾರು 55 ಟನ್ ತೂಕದ ಆ ಕಂಚಿನ ತೋಪು ಪರಾಂಡೆಯ ಕೋಟೆಯಿಂದ ಬಿಜಾಪುರಕ್ಕೆ ಬಂದದ್ದು 1632ರಲ್ಲಿ. ಅಂದರೆ ಅಲಿ ತೀರಿಕೊಂಡು ಅರ್ಧ ಶತಮಾನವಾದ ಮೇಲೆ. ಅದು ಈಗಿರುವ ಶೇರ್ಜಾ ಬುರುಜು 1671ರದು. ಒಂದು ಗೋಡೆಯ ಮೇಲೆ ನಾನಾ ಕಾಲದ ತೋಪುಗಳು ಬಂದು ಸೇರುತ್ತವೆ. ತೋಪಿನ ಕಾಲವನ್ನು ಗೋಡೆಯ ಕಾಲವೆಂದಾಗಲಿ, ಗೋಡೆ ಕಟ್ಟಿಸಿದವನನ್ನು ತೋಪಿನ ಒಡೆಯನೆಂದಾಗಲಿ ಭಾವಿಸಕೂಡದು.

ಮುತ್ತಿಗೆಗಳ ಕಾಲ

ಯುದ್ಧದ ಬಳಿಕ ಅಲಿಯ ಗಮನ ಕೋಟೆಗಳ ಕಡೆಗೇ ಹರಿಯಿತು. ರಾಯಚೂರು, ಮುದಗಲ್ಲುಗಳು ಅವನ ವಶವಾದವು. 1568ರ ಸುಮಾರಿಗೆ ಆದವಾನಿ ದೊರೆಯಿತು. 1570ರ ದಶಕದಲ್ಲಿ ತೊರಗಲ್ಲು, ಧಾರವಾಡ, ಬಂಕಾಪುರಗಳು ಒಂದಾದ ಮೇಲೊಂದು ಸೇರಿದವು. ಬಂಕಾಪುರದ ಮುತ್ತಿಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಇದಕ್ಕೆ ವ್ಯತಿರಿಕ್ತವಾದ ಅನುಭವಗಳೂ ಉಂಟು. 1570-71ರಲ್ಲಿ ಅಹಮದನಗರವು ಚೌಲನ್ನೂ ಅಲಿ ಗೋವೆಯನ್ನೂ ಏಕಕಾಲದಲ್ಲಿ ಮುತ್ತಿದರು. ಲುಯಿಸ್ ದ ಅತಾಯಿದೆಯ ನೇತೃತ್ವದಲ್ಲಿ ಪೋರ್ಚುಗೀಸರು ತಿಂಗಳುಗಟ್ಟಲೆ ತಡೆದು ನಿಂತರು. ಅಲಿ ಬರಿಗೈಯಲ್ಲಿ ಮರಳಿದನು. 1576ರ ಸುಮಾರಿಗೆ ಪೆನುಕೊಂಡೆಯ ಮುತ್ತಿಗೆಯನ್ನೂ ಕೈಬಿಡಬೇಕಾಯಿತು. ಒಳಗಿನವರಿಗೆ ಅನ್ನ ನೀರಿದ್ದು, ಗೋಡೆಯ ಮೇಲೆ ತೋಪಿದ್ದರೆ ಹೊರಗಿನ ದೊಡ್ಡ ಸೈನ್ಯವೂ ಕಾಯುತ್ತ ಸವೆಯುತ್ತದೆಂಬುದನ್ನು ಅವನು ಎರಡೂ ಕಡೆಗಳಿಂದ ಕಂಡವನು. ಬಿಜಾಪುರದಲ್ಲಿ ಅವನ ಕಾಲದಲ್ಲಿ ನೀರಿನ ವ್ಯವಸ್ಥೆಗೆ ದೊರೆತ ಮಹತ್ವವನ್ನು ಈ ದೃಷ್ಟಿಯಿಂದಲೂ ನೋಡಬಹುದು. 1579ರ ಚಾಂದ್ ಬಾವಡಿ ಇದಕ್ಕೊಂದು ನಿದರ್ಶನ.

ಯುದ್ಧ ಮತ್ತು ಕೋಟೆಗಳಷ್ಟೇ ಅವನ ಲೋಕವಾಗಿರಲಿಲ್ಲ. ಅವನ ಸೇವೆಯಲ್ಲಿದ್ದ ರಫಿಯುದ್ದೀನ್ ಶಿರಾಜಿಯ ಬರಹದಿಂದ ತಿಳಿಯುವಂತೆ, ದಂಡಯಾತ್ರೆಯಲ್ಲಿಯೂ ಪುಸ್ತಕದ ಪೆಟ್ಟಿಗೆಗಳು ಅವನೊಡನೆ ಸಾಗುತ್ತಿದ್ದವು. ಅವನ ಗ್ರಂಥಾಲಯದಲ್ಲಿ ಲಿಪಿಕಾರರು, ಚಿತ್ರಕಾರರು, ರಟ್ಟು ಕಟ್ಟುವವರು ಸೇರಿ ಸುಮಾರು 60 ಮಂದಿ ಕೆಲಸದಲ್ಲಿದ್ದರು. ಶೇಷ ಮನೆತನದ ವಾಮನ ಪಂಡಿತನು ಅದರ ಮೇಲ್ವಿಚಾರಕನಾಗಿದ್ದನು. 1570ರಲ್ಲಿ ಸಿದ್ಧವಾದ ‘ನುಜೂಮ್-ಉಲ್-ಉಲೂಮ್’ ಎಂಬ ಸಚಿತ್ರ ಪಾರಸಿ ಕೃತಿ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗ್ರಹನಕ್ಷತ್ರಗಳು, ಮಂತ್ರತಂತ್ರ, ಆನೆ, ಕುದುರೆ, ಆಯುಧಗಳನ್ನು ಒಟ್ಟಿಗೆ ನಿರೂಪಿಸುವ ಈ ಕೃತಿಯ ಕರ್ತೃ ಅಲಿಯೇ ಎಂದು ಎಮ್ಮಾ ಫ್ಲಾಟ್ ವಾದಿಸಿದ್ದಾರೆ. ಗ್ರಹಬಲವನ್ನೂ ಆಯುಧಬಲವನ್ನೂ ಒಂದೇ ಜ್ಞಾನದ ಭಾಗಗಳೆಂದು ನೋಡಿದ ಮನಸ್ಸು ಇಲ್ಲಿ ವ್ಯಕ್ತವಾಗುತ್ತದೆ.

ಮರಣ ಮತ್ತು ಉಳಿಕೆ

1580ರಲ್ಲಿ ಅಲಿ ತನ್ನ ಅರಮನೆಯಲ್ಲಿಯೇ ಸೇವಕನೊಬ್ಬನ ಕೈಯಿಂದ ಹತನಾದನು. ಗಂಡುಮಕ್ಕಳಿಲ್ಲದ ಕಾರಣ ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಮನಿಗೆ ಪಟ್ಟವಾಯಿತು. ನಗರದ ನೈಋತ್ಯ ಭಾಗದಲ್ಲಿರುವ ಅಲಿಯ ಸಮಾಧಿ ಆದಿಲ್‌ಶಾಹಿಗಳ ಮುಂದಿನ ಭವ್ಯ ಗೋರಿಗಳೆದುರು ತೀರ ಸರಳವಾಗಿದೆ. ಹತ್ತು ಕಿಲೋಮೀಟರ್ ಗೋಡೆ, ಅಗಲವಾದ ಕಂದಕ, 96 ಕೊತ್ತಲಗಳನ್ನು ನಿರ್ಮಿಸಿದ ಅರಸನಿಗೆ ಅಪಾಯ ಬಂದದ್ದು ಒಳಗಿನಿಂದ.

ಗೋಡೆಯ ಪರೀಕ್ಷೆ ಅನಂತರ ನಡೆಯಿತು. ಬಾಲಕ ಇಬ್ರಾಹಿಮನ ಆರಂಭದ ವರ್ಷಗಳಲ್ಲಿ ಅಹಮದನಗರ ಮತ್ತು ಗೋಲ್ಕೊಂಡದ ಸೈನ್ಯಗಳು ಬಿಜಾಪುರವನ್ನು ಮುತ್ತಿ ವಿಫಲವಾಗಿ ಹಿಂದಿರುಗಿದವು. ಅಲಿಯ ವಿಧವೆ ಚಾಂದ್ ಬೀಬಿ ಆಗ ರಾಜ್ಯದ ಆಡಳಿತದಲ್ಲಿ ಪ್ರಮುಖಳಾಗಿದ್ದಳು. 1595-96ರಲ್ಲಿ ಮೊಗಲರು ಅಹಮದನಗರವನ್ನು ಮುತ್ತಿದಾಗ, ಸುರಂಗ ಸಿಡಿದು ಬಿರುಕುಬಿಟ್ಟ ಗೋಡೆಯ ಬಳಿ ತಾನೇ ನಿಂತು ರಾತ್ರಿಯೊಳಗೆ ಅದನ್ನು ಮುಚ್ಚಿಸಿ ಕೋಟೆಯನ್ನು ಉಳಿಸಿದವಳೂ ಅವಳೇ. ಬಿಜಾಪುರದ ಗೋಡೆಗೆ ಅಂತಿಮ ಪರೀಕ್ಷೆ ಒದಗಿದ್ದು 1685-86ರಲ್ಲಿ. ಮೊಗಲ ಸಾಮ್ರಾಜ್ಯದ ಪೂರ್ಣಬಲದ ಎದುರು ಆ ಗೋಡೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ ಆದಿಲ್‌ಶಾಹ ಶರಣಾದಾಗ ಅದಕ್ಕೆ ಗೋಡೆಯ ಕುಸಿತಕ್ಕಿಂತ ಒಳಗಿನ ಹಸಿವೇ ಹೆಚ್ಚಿನ ಕಾರಣವಾಗಿತ್ತು.

ಒಟ್ಟಾರೆಯಾಗಿ, ಒಂದನೆಯ ಅಲಿ ಆದಿಲ್‌ಶಾಹನನ್ನು ತಾಳಿಕೋಟೆಯ ಒಂದು ದಿನದಿಂದ ಮಾತ್ರ ಅಳೆಯುವುದು ಸಮಂಜಸವಲ್ಲ. ಆ ದಿನದ ಹೊಣೆಯಿಂದ ಅವನನ್ನು ಬಿಡಿಸುವುದೂ ಯುಕ್ತವಲ್ಲ. ಅಜ್ಜನು ರಾಯಚೂರಿನಲ್ಲಿ ತೋಪುಗಳಿದ್ದೂ ಸೋತ ಬಗೆಯು ಕೋಟೆ ಕಟ್ಟುವ ಕ್ರಮದಲ್ಲಿ ಮಾರ್ಪಾಡನ್ನು ಬೇಡುತ್ತಿತ್ತು. ಆ ಮಾರ್ಪಾಡು ಮೊಮ್ಮಗನ ಕಾಲದಲ್ಲಿ ಕಲ್ಲು ಮಣ್ಣುಗಳ ರೂಪ ಪಡೆಯಿತು. ಇಂದು ವಿಜಯಪುರವೆಂದು ಕರೆಯಲಾಗುವ ಆ ನಗರವು ಅಲಿಯ ಅನಂತರ ಒಂದು ಶತಮಾನ ಕಾಲ ಭಾಷೆ, ಸಂಗೀತ, ಚಿತ್ರ, ಶಿಲ್ಪಗಳ ನೆಲೆಯಾಗಿ ಬೆಳೆದದ್ದು ಆ ಗೋಡೆಯ ಆವರಣದಲ್ಲಿಯೇ. ದಖನ್ನಿನ ಸಂಸ್ಕೃತಿಯ ಚರಿತ್ರೆಯಲ್ಲಿ ಕೋಟೆ, ತೋಪುಗಳ ಚರಿತ್ರೆಗೂ ಸ್ಥಾನವಿರಬೇಕೆಂಬುದಕ್ಕೆ ಅಲಿಯ ಬದುಕು ಸಾಕಷ್ಟು ಆಧಾರವನ್ನು ಒದಗಿಸುತ್ತದೆ.